ನಾಣ್ಯದ ಮೇಲೆ ವಿಚಿತ್ರ ಗುರುತು: ಟಂಕಸಾಲೆಯ ತಪ್ಪೋ, ಹೊರಗೆ ಯಾರೋ ಮಾಡಿದ್ದೋ?

ಹೋದ ದೀಪಾವಳಿ ಮುಗಿದ ವಾರ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಪಾಕೀಟು, ಅದರೊಳಗೆ ಒಂದು ರೂಪಾಯಿ ನಾಣ್ಯ. ಒಂದು ಬದಿಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ಅದೂ ಒಳಕ್ಕೆ ಇಳಿದಿದ್ದವು.

"ಕಾಕಾ, ಇದು ಟಂಕಸಾಲಿ ತಪ್ಪು ಅಂತ್ರೀ. ಮೂರೂವರೆ ಸಾವಿರ ಕೊಟ್ಟು ತಗೊಂಡೀನಿ. ಖರೇ ಐತಿಲ್ರಿ?" ಅಂದ.

ತೂಕಕ್ಕೆ ಇಟ್ಟೆ. 3.79 ಗ್ರಾಂ ಇರಬೇಕಾದದ್ದು 3.21 ತೋರಿಸಿತು. "ತಮ್ಮಾ, ಇದನ್ನ ಮೊದಲು ಉಜ್ಜ್ಯಾರ, ಆಮ್ಯಾಲ ಒತ್ತ್ಯಾರ" ಅಂದೆ. ಅವನ ಮುಖ ನೋಡಲಾಗಲಿಲ್ಲ. ಕೊಳ್ಳುವ ಮೊದಲು ಹತ್ತು ನಿಮಿಷ ಕೂತು ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಆ ಹತ್ತು ನಿಮಿಷದಲ್ಲಿ ಏನೇನು ನೋಡಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತಾರು ವರ್ಷ ಪ್ರೆಸ್ ಮಷಿನ್ ಮೇಲೆ ಕೆಲಸ ಮಾಡಿದವನು. ನಾಣ್ಯ ಅಂದರೂ ಒಂದು ಪ್ರೆಸ್ ಜಾಬೇ. ಉದ್ದನೆಯ ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ಕಾಯಿಸಿ ಮೆತ್ತಗೆ ಮಾಡಿ, ಅಂಚನ್ನು ಸ್ವಲ್ಪ ಎತ್ತುತ್ತಾರೆ. ಆಮೇಲೆ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಒಂದು ಉಕ್ಕಿನ ಬಳೆ. ನಡುವೆ ಬಿಲ್ಲೆ ಇಟ್ಟು ಒಂದೇ ಹೊಡೆತ. ಆ ಬಳೆಗೆ ಕಾಲರ್ ಅಂತಾರೆ. ಅಂಚಿನ ಹಲ್ಲುಗಳು ಮೂಡುವುದು ಕಾಲರ್‌ನಿಂದ, ಅದೇ ಹೊಡೆತದಲ್ಲಿ.

ಹಾಗಾಗಿ ಯಾವ ಗುರುತು ನೋಡಿದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದು ಹೊಡೆತಕ್ಕೆ ಮುಂಚೆ ಆದದ್ದಾ, ಹೊಡೆತದಲ್ಲೇ ಆದದ್ದಾ, ಹೊಡೆತ ಮುಗಿದ ಮೇಲೆ ಆದದ್ದಾ? ಮೊದಲ ಎರಡಾದರೆ ಟಂಕಸಾಲೆಯ ತಪ್ಪು. ಮೂರನೆಯದಾದರೆ ಹಾನಿ. ಹೊಡೆತದಲ್ಲಿ ಲೋಹ ಬೆಣ್ಣೆಯ ಹಾಗೆ ಹರಿಯುತ್ತದೆ, ಹರಿದ ಕುರುಹು ಉಳಿಯುತ್ತದೆ. ಆಮೇಲೆ ಮಾಡಿದ ಕೆಲಸದಲ್ಲಿ ಆ ಕುರುಹು ಬರೋದಿಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆ

ಅದೇ ಬೆಲೆಯ, ಆದಷ್ಟು ಅದೇ ವರ್ಷದ ನಾಲ್ಕು ಒಳ್ಳೆಯ ನಾಣ್ಯ ಹುಡುಕಿ ಪಕ್ಕಕ್ಕಿಟ್ಟುಕೊಳ್ಳಿ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಚಿಲ್ಲರೆ ಸಿಕ್ಕೇ ಸಿಗುತ್ತದೆ. ಹೋಲಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ನನ್ನ ಹತ್ತಿರ ಬರುವ ನಾಣ್ಯಗಳಲ್ಲಿ ಜಾಸ್ತಿ ಪಾಲು ಇಲ್ಲೇ ಮುಗಿಯುತ್ತವೆ. ವಿಚಿತ್ರ ಅಂದುಕೊಂಡದ್ದು ಆ ನಾಲ್ಕರಲ್ಲೂ ಇರುತ್ತದೆ.

ಆಮೇಲೆ ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಕಾಣದ ಗೀರು, ಉಜ್ಜಿದ ಗೆರೆ ಓರೆ ಬೆಳಕಲ್ಲಿ ಎದ್ದು ಕಾಣುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಪತ್ತಾರರು ಕಣ್ಣಿಗೆ ಹಿಡಿಯುವಂಥದ್ದು ಸಾಕು.

ಮೂರನೆಯದು ಮ್ಯಾಗ್ನೆಟ್. ಕೆಟ್ಟ ಸ್ಪೀಕರ್‌ನದು ನಡೆಯುತ್ತದೆ. ಈಗಿನ ಸ್ಟೀಲಿನ 1 ರೂಪಾಯಿ, 2 ರೂಪಾಯಿ, 50 ಪೈಸೆ ಅದಕ್ಕೆ ಅಂಟುತ್ತವೆ. ಹಿತ್ತಾಳೆ ಬಣ್ಣದ 5 ರೂಪಾಯಿ ಅಂಟೋದಿಲ್ಲ. 1992ರಿಂದ ಬಂದ ದಪ್ಪನೆಯ, 9 ಗ್ರಾಂ ತೂಗುವ 5 ರೂಪಾಯಿ ತಾಮ್ರ-ನಿಕ್ಕಲ್‌ನದು, ಅದೂ ಅಂಟೋದಿಲ್ಲ. ಒಂದು ಮಾತು: ಗುಂಡಿಯಷ್ಟು ಸಣ್ಣ, ಜೋರಾದ ಮ್ಯಾಗ್ನೆಟ್ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನೇ ಕಚ್ಚಿ ಹಿಡಿಯುತ್ತವೆ. ನುಂಗಿದ ಅನುಮಾನ ಬಂದರೂ ಕಾಯದೆ ದವಾಖಾನೆಗೆ ಓಡಬೇಕು.

ನಾಲ್ಕನೆಯದು ತೂಕ. ಗ್ರಾಂನ ನೂರನೇ ಭಾಗ ತೋರಿಸುವ ಸಣ್ಣ ಡಿಜಿಟಲ್ ಕಾಟಾ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಕೊಳ್ಳೋದು ಬೇಡ ಅಂದರೆ ಪರಿಚಯದ ಪತ್ತಾರರ ಅಂಗಡಿಯಲ್ಲಿ ಎರಡು ನಿಮಿಷ ತೂಗಿಸಿಕೊಳ್ಳಿ. 2011ರ ಸರಣಿಯಲ್ಲಿ 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85, 5 ರೂಪಾಯಿ 6, ಎರಡು ಲೋಹದ 10 ರೂಪಾಯಿ 7.71. 2019ರ ಹೊಸ ಸರಣಿಯಲ್ಲಿ 1 ರೂಪಾಯಿ 3.09, 2 ರೂಪಾಯಿ 4.07, 5 ರೂಪಾಯಿ 6.74, 10 ರೂಪಾಯಿ 7.74, ಹನ್ನೆರಡು ಮೂಲೆಯ 20 ರೂಪಾಯಿ 8.54 ಗ್ರಾಂ. ಗ್ರಾಂನ ಹತ್ತನೇ ಒಂದು ಭಾಗ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಗ್ರಾಂ ಕಡಿಮೆ ಬಂದರೆ ಲೋಹ ಎಲ್ಲಿ ಹೋಯಿತು ಅಂತ ಕೇಳಲೇಬೇಕು.

ಅಕ್ಷರ ಉಲ್ಟಾ ಇದೆ, ಒಳಕ್ಕೆ ಇಳಿದಿದೆ

ನಮ್ಮ ಕಡೆ ಜಾಸ್ತಿ ಮೋಸ ಆಗೋದು ಇದರಲ್ಲೇ. ನಿಜವಾದದ್ದು ಹೀಗೆ ಆಗುತ್ತದೆ. ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದಾಗ ಒಂದು ಬದಿಗೆ ಅಚ್ಚು ಹೊಡೆಯುತ್ತದೆ, ಇನ್ನೊಂದು ಬದಿಗೆ ಅಂಟಿಕೊಂಡ ನಾಣ್ಯವೇ ಹೊಡೆಯುತ್ತದೆ. ಹಾಗಾಗಿ ಒಂದು ಬದಿ ಸರಿಯಾಗಿ, ಇನ್ನೊಂದು ಬದಿ ಅದೇ ಚಿತ್ರದ ಉಲ್ಟಾ ತಗ್ಗಾಗಿ ಬರುತ್ತದೆ. ಇದಕ್ಕೆ ಬ್ರಾಕೇಜ್ ಅಂತಾರೆ. ಹಳೆ ವ್ಯಾಪಾರಿಗಳ ಬಾಯಲ್ಲಿ ಇದು ಲಖಿ.

ಸುಳ್ಳು ಬ್ರಾಕೇಜ್ ಮಾಡೋದು ಸುಲಭ. ಎರಡು ನಾಣ್ಯ ಮುಖಕ್ಕೆ ಮುಖ ಕೂಡಿಸಿ, ಮೇಜಿಗೆ ಕೂರಿಸಿದ ಇಕ್ಕಳದಂಥ ವೈಸ್‌ನಲ್ಲಿ ಬಿಗಿಯಬಹುದು, ಇಲ್ಲ ಸುತ್ತಿಗೆಯಿಂದ ಹೊಡೆಯಬಹುದು. ಆದರೆ ಅದು ಮೂರು ಕಡೆ ಸಿಕ್ಕಿಬೀಳುತ್ತದೆ.

ಮೊದಲು ಆಚೆ ಬದಿ ತಿರುವಿ ನೋಡಿ. ಟಂಕಸಾಲೆಯ ಬ್ರಾಕೇಜ್‌ನಲ್ಲಿ ಆಚೆ ಬದಿ ಚೂಪಾಗಿ, ಹೊಸದರ ಹಾಗೆ ಮೂಡಿರುತ್ತದೆ. ವೈಸ್‌ನಲ್ಲಿ ಒತ್ತಿದ್ದರೆ ಆಚೆ ಬದಿಯ ಸಿಂಹದ ಮೂಗು, ಅಕ್ಷರಗಳ ತಲೆ ಚಪ್ಪಟೆಯಾಗಿ ಹೊಳೆಯುತ್ತವೆ. ವೈಸ್‌ನ ದವಡೆಯ ಗೆರೆಗಳೂ ಬಿದ್ದಿರಬಹುದು.

ಎರಡನೆಯದು, ಉಲ್ಟಾ ಅಕ್ಷರಗಳ ನಡುವೆ ಆ ಬದಿಯ ಮೂಲ ಚಿತ್ರ ಹುಡುಕಿ. ನಿಜವಾದದ್ದರಲ್ಲಿ ಆ ಬದಿಗೆ ತನ್ನದೇ ಚಿತ್ರ ಅನ್ನೋದು ಇರಲೇ ಇಲ್ಲ, ಅಚ್ಚು ಅದನ್ನು ಮುಟ್ಟಿಯೇ ಇಲ್ಲ. ಸುಳ್ಳಿನಲ್ಲಿ ಹಳೆಯ ಅಂಕಿಯ ಅರ್ಧ, ಅಂಚಿನ ಹತ್ತಿರದ ಅಕ್ಷರದ ಬಾಲ ಎಲ್ಲೋ ಉಳಿದಿರುತ್ತದೆ.

ಮೂರನೆಯದು ತೂಕ. ಜಾಣರು ಮೂಲ ಚಿತ್ರವನ್ನು ಮೊದಲೇ ಉಜ್ಜಿ ತೆಗೆದು ಆಮೇಲೆ ಒತ್ತುತ್ತಾರೆ. ಆ ಹುಡುಗನ ನಾಣ್ಯದಲ್ಲಿ ಆದದ್ದೂ ಅದೇ. ಉಜ್ಜಿದಾಗ ಹೋದ ಲೋಹ ವಾಪಸ್ ಬರೋದಿಲ್ಲ. ಭೂತಗನ್ನಡಿ ಹಿಡಿದಾಗ ತಗ್ಗು ಅಕ್ಷರಗಳ ಅಡಿಯಲ್ಲಿ, ಒಂದೇ ದಿಕ್ಕಿಗೆ ಹೋಗುವ ಕೂದಲಿನಷ್ಟು ಸಣ್ಣ ಗೆರೆಗಳು ಕಂಡವು. ಗ್ರೈಂಡರ್ ಕಲ್ಲಿನ ಗೆರೆ ನನಗೆ ಕತ್ತಲಲ್ಲೂ ಗೊತ್ತಾಗುತ್ತದೆ. ಬ್ರಾಕೇಜ್‌ನಲ್ಲಿ ಲೋಹ ಎಲ್ಲೂ ಹೋಗಿರೋದಿಲ್ಲ, ಹಾಗಾಗಿ ತೂಕ ಪೂರ್ತಿ ಇರಲೇಬೇಕು.

ಅಂಚಿನಲ್ಲಿ ಒಂದು ತುಂಡು ಇಲ್ಲ

ಯಾರೋ ರೊಟ್ಟಿ ಕಚ್ಚಿದ ಹಾಗೆ ಅರ್ಧಚಂದ್ರದ ಆಕಾರದಲ್ಲಿ ಅಂಚು ಮಾಯವಾಗಿದೆಯಾ? ಇದು ನಿಜವಾಗಿಯೂ ಆಗುವ ತಪ್ಪು. ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದಿನ ತೂತಿನ ಮೇಲೇ ಪಂಚ್ ಬೀಳುತ್ತದೆ. ಉದ್ಯಮಬಾಗದಲ್ಲಿ ವಾಷರ್ ಹೊಡೆಯುವಾಗ ನಾವೇ ಎಷ್ಟೋ ಸಲ ಕಂಡಿದ್ದೇವೆ. ಪಟ್ಟಿಯ ತುದಿಗೆ ಬಿದ್ದರೆ ತುಂಡು ನೇರವಾಗಿ ಹೋಗುತ್ತದೆ.

ಇಲ್ಲಿ ತೂಕ ಕಡಿಮೆ ಬರೋದು ಸಹಜ. ಹಾಗಾಗಿ ತೂಕ ಸಹಾಯ ಮಾಡೋದಿಲ್ಲ, ಕಣ್ಣೇ ಮಾಡಬೇಕು.

ತುಂಡಿನ ಪಕ್ಕದ ಅಕ್ಷರಗಳನ್ನು ನೋಡಿ. ಬಿಲ್ಲೆ ಮೊದಲೇ ಕತ್ತರಿಸಿತ್ತು, ಹೊಡೆತ ಆಮೇಲೆ ಬಿತ್ತು ಅಂದರೆ, ಲೋಹ ಆ ಖಾಲಿ ಜಾಗದ ಕಡೆ ಹರಿದಿರುತ್ತದೆ. ಅಕ್ಷರಗಳು ಆ ಕಡೆಗೆ ಸ್ವಲ್ಪ ಎಳೆದ ಹಾಗೆ, ಮಸುಕಾಗಿ ಕಾಣುತ್ತವೆ. ಆಮೇಲೆ ಕತ್ತರಿಸಿದ್ದರೆ ಅಕ್ಷರ ಚಾಕುವಿನಿಂದ ಕೊಯ್ದ ಹಾಗೆ ಥಟ್ಟನೆ ನಿಲ್ಲುತ್ತದೆ. ಕೊಯ್ದ ಅಂಚಿಗೆ ಉಗುರು ತಾಗಿಸಿ ನೋಡಿ, ಕಚ್ಚಿಕೊಂಡರೆ ಅದು ಬರ್, ಅಂದರೆ ಕೊಯ್ದಾಗ ಉಳಿಯುವ ಚೂಪು ಸಿಬಿರು. ಕಾನಸ (ಅರ) ಹೊಡೆದ ಗೆರೆಗಳೂ ಅಲ್ಲೇ ಸಿಗುತ್ತವೆ.

ಇನ್ನೊಂದು ಸುಂದರವಾದ ಗುರುತು ಇದೆ. ತುಂಡು ಹೋದ ಜಾಗಕ್ಕೆ ಸರಿಯಾಗಿ ಎದುರಿಗೆ, ನಾಣ್ಯದ ಆ ಕಡೆಯ ಅಂಚನ್ನು ನೋಡಿ. ನಿಜವಾದದ್ದರಲ್ಲಿ ಅಲ್ಲಿನ ಅಂಚು ಸಾಮಾನ್ಯವಾಗಿ ಸಪ್ಪಗೆ, ಮಸುಕಾಗಿ ಇರುತ್ತದೆ. ಅಂಚು ಎತ್ತುವ ಮಷಿನ್ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತಿ ಉರುಳಿಸುತ್ತದೆ. ಒಂದು ಕಡೆ ಲೋಹವೇ ಇಲ್ಲ ಅಂದರೆ ಎದುರಿನ ಕಡೆ ಒತ್ತಡ ಸಿಗೋದಿಲ್ಲ. ಕಟ್ಟರ್‌ನಿಂದ ತುಂಡು ತೆಗೆಯುವವನಿಗೆ ಆಚೆ ಕಡೆಯ ಅಂಚನ್ನು ಸಪ್ಪಗೆ ಮಾಡಬೇಕು ಅಂತ ಹೊಳೆಯೋದೇ ಇಲ್ಲ. ನಾನು ನೋಡಿದ ಸುಳ್ಳು ತುಂಡುಗಳಲ್ಲಿ ಹೆಚ್ಚಿನವು ಬಯಲಾದದ್ದು ಇಲ್ಲೇ.

ಚಿತ್ರ ಪಕ್ಕಕ್ಕೆ ಸರಿದಿದೆ, ಅಥವಾ ಒಂದು ಬದಿ ನುಣ್ಣಗಿದೆ

ಬಿಲ್ಲೆ ಸರಿಯಾಗಿ ಕೂರದೆ ಹೊಡೆತ ಬಿದ್ದರೆ ಚಿತ್ರದ ಅರ್ಧ ನಾಣ್ಯದ ಹೊರಗೆ ಹೋಗುತ್ತದೆ. ಆಗ ಎರಡೂ ಬದಿಯಲ್ಲಿ, ಒಂದೇ ಜಾಗದಲ್ಲಿ, ಖಾಲಿ ಇರಬೇಕು. ನಾಣ್ಯ ಪೂರ್ತಿ ಗುಂಡಗೂ ಇರೋದಿಲ್ಲ, ಯಾಕಂದ್ರೆ ಅದು ಕಾಲರ್‌ನಿಂದ ಹೊರಗಿತ್ತು. ಒಂದು ಬದಿ ಮಾತ್ರ ಖಾಲಿ, ಇನ್ನೊಂದು ಬದಿ ಪೂರ್ತಿ ಚೆನ್ನಾಗಿದೆ, ನಾಣ್ಯ ಗುಂಡಗಿದೆ ಅಂದರೆ ತೂಗಿ. ಕಡಿಮೆ ಬಂದರೆ ಉಜ್ಜಿದ್ದು. ತೂಕ ಸರಿಯಾಗಿದ್ದು ಉಜ್ಜಿದ ಗೆರೆಯೂ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಎರಡು ಬಿಲ್ಲೆ ಒಟ್ಟಿಗೆ ಅಚ್ಚಿನೊಳಗೆ ಹೋದಾಗ ಹೀಗಾಗುತ್ತದೆ. ತಿಳಿದವರಿಗೆ ತೋರಿಸುವಂಥ ನಾಣ್ಯ ಅದು.

ನಾಣ್ಯ ಅಗಲವಾಗಿ, ತೆಳ್ಳಗಾಗಿದೆ

ಟಿಳಕವಾಡಿಯ ರೈಲ್ವೆ ಗೇಟುಗಳ ಹತ್ತಿರ ಬೆಳೆದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಹಳಿಯ ಮೇಲೆ ನಾಣ್ಯ ಇಟ್ಟು ಗಾಡಿ ಹೋದ ಮೇಲೆ ಓಡಿ ಹೋಗಿ ಹುಡುಕುವ ಆಟ ನಮ್ಮ ಕಾಲದಲ್ಲೂ ಇತ್ತು. ದಯವಿಟ್ಟು ಮಕ್ಕಳನ್ನು ಅದಕ್ಕೆ ಬಿಡಬೇಡಿ. ಹಳಿಯ ಹತ್ತಿರ ಹೋಗೋದೇ ಜೀವಕ್ಕೆ ಅಪಾಯ, ಚಕ್ರಕ್ಕೆ ಸಿಕ್ಕ ನಾಣ್ಯ ಗುಂಡಿನ ಹಾಗೆ ಚಿಮ್ಮಬಹುದು.

ಗಾಲಿಗೆ ಸಿಕ್ಕ ನಾಣ್ಯದ ತೂಕ ಸರಿಯಾಗೇ ಇರುತ್ತದೆ, ಹಾಗಾಗಿ ಕೆಲವರು ಇದು ಕಾಲರ್ ಇಲ್ಲದೆ ಹೊಡೆದ ನಾಣ್ಯ ಅಂತ ವಾದ ಮಾಡುತ್ತಾರೆ. ಕಾಲರ್ ಇಲ್ಲದೆ ಹೊಡೆದಾಗಲೂ ನಾಣ್ಯ ಅಗಲವಾಗುತ್ತದೆ, ಅದು ನಿಜ. ಆದರೆ ಅದರಲ್ಲಿ ಚಿತ್ರ ಚೂಪಾಗಿ, ಸರಿಯಾದ ಅಳತೆಯಲ್ಲಿ ಮೂಡಿರುತ್ತದೆ, ಅಂಚಿಗೆ ಹಲ್ಲು ಇರೋದೇ ಇಲ್ಲ. ಗಾಲಿ ಹತ್ತಿದ್ದರಲ್ಲಿ ಚಿತ್ರವೂ ಒಂದೇ ದಿಕ್ಕಿಗೆ ಹಿಗ್ಗಿ ಮೊಟ್ಟೆಯಾಕಾರ ಆಗಿರುತ್ತದೆ, ಚಪ್ಪಟೆಯಾದ ಹಳೆ ಹಲ್ಲುಗಳು ಅಂಚಿನಲ್ಲಿ ಅಲ್ಲಲ್ಲಿ ಉಳಿದಿರುತ್ತವೆ. ಹಲ್ಲು ಬಂದಿತ್ತು ಅಂದರೆ ಕಾಲರ್ ಇತ್ತು ಅಂತಲೇ ಅರ್ಥ. ಮೊದಲಿಂದಲೂ ಹಲ್ಲಿಲ್ಲದ ನಾಣ್ಯಗಳೂ ಇವೆ, ಅದಕ್ಕೇ ಪಕ್ಕದಲ್ಲಿಟ್ಟ ನಾಲ್ಕು ನಾಣ್ಯಗಳ ಅಂಚು ನೋಡಿಕೊಂಡೇ ಮಾತಾಡಿ.

ಮೇಲೆ ಗೆರೆ ಅಥವಾ ಗುಳ್ಳೆ ಇದೆ

ಉಗುರಿನ ತುದಿಯಿಂದ ಮೆಲ್ಲಗೆ ಸವರಿ. ಗೆರೆ ಉಬ್ಬಿದ್ದರೆ ಅದು ಅಚ್ಚಿನ ಸೀಳು: ಅಚ್ಚು ಬಿರುಕು ಬಿಟ್ಟಿತ್ತು, ಲೋಹ ಆ ಬಿರುಕಿಗೆ ನುಗ್ಗಿತು. ಗೆರೆ ಇಳಿದಿದ್ದು ಪಕ್ಕದಲ್ಲಿ ಲೋಹದ ಸಣ್ಣ ದಿಣ್ಣೆ ಎದ್ದಿದ್ದರೆ ಅದು ಗೀರು. ಉಬ್ಬಿದ್ದೆಲ್ಲ ಅಚ್ಚಿನದೇ ಅಂತಲೂ ಹೇಳಲಾಗದು. ಬೆಸುಗೆ ಹನಿ, ಅಂಟು ಕೂಡ ಉಬ್ಬುತ್ತವೆ. ಅವುಗಳ ಬಣ್ಣವೇ ಬೇರೆ.

ಎರಡೂ ಬದಿ ಗುಳ್ಳೆ ಗುಳ್ಳೆ ಎದ್ದಿದ್ದರೆ ಅದು ಬೆಂಕಿ ಕಂಡ ನಾಣ್ಯ. ಹೋಳಿ ಬೆಂಕಿಗೆ ಬಿದ್ದದ್ದೂ ಇರಬಹುದು. ಪದರ ಎದ್ದು ಸಿಪ್ಪೆ ಸುಲಿದಂತೆ ಇದ್ದರೆ ಮಾತ್ರ ಬಿಲ್ಲೆಯ ಲೋಹದಲ್ಲೇ ದೋಷ ಇರುವ ಸಾಧ್ಯತೆ ಇದೆ. ಅದನ್ನು ಕಿತ್ತು ನೋಡಲು ಹೋಗಬೇಡಿ.

ಅಕ್ಷರ ಎರಡೆರಡು ಕಾಣುತ್ತದೆ, ಅಥವಾ ಮಾಯವಾಗಿದೆ

ಎರಡೆರಡು ಕಾಣುವುದರಲ್ಲಿ ಹೆಚ್ಚಿನದು ಹೊಡೆತದ ಹೊತ್ತಿಗೆ ಅಚ್ಚು ಸ್ವಲ್ಪ ಅಲುಗಿದ್ದರಿಂದ ಆದದ್ದು. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಇದಕ್ಕೆ ಬೆಲೆ ಇಲ್ಲ ಅಂತಲೇ ಹೇಳಬಹುದು. ಅಚ್ಚಿನಲ್ಲೇ ಎರಡು ಸಲ ಕೆತ್ತನೆ ಇಳಿದಿದ್ದರೆ ಎರಡೂ ಅಕ್ಷರ ಪೂರ್ತಿ ಎತ್ತರ ಇರುತ್ತವೆ, ತುದಿಗಳು ಕವಲೊಡೆದು ಗುಂಡಗೆ ಕಾಣುತ್ತವೆ. ಅದು ಅಪರೂಪ.

ಅಕ್ಷರ ಮಾಯವಾಗಿದ್ದರೆ ಅಚ್ಚಿನ ತಗ್ಗಿನಲ್ಲಿ ಎಣ್ಣೆ, ಧೂಳು ತುಂಬಿಕೊಂಡಿತ್ತಾ ಅಥವಾ ಯಾರಾದರೂ ಉಜ್ಜಿದರಾ ಅನ್ನೋದು ಪ್ರಶ್ನೆ. ಮಾಯವಾದ ಜಾಗದ ಹೊಳಪು ಸುತ್ತಲಿನ ಹೊಳಪಿನ ಹಾಗೇ ಇದ್ದರೆ, ಅಕ್ಷರದ ನೆರಳು ಸ್ವಲ್ಪ ಉಳಿದಿದ್ದರೆ ಅದು ಅಚ್ಚಿನದು. ಆ ಜಾಗ ತಗ್ಗಾಗಿ, ಗೆರೆಗಳಿಂದ ಕೂಡಿದ್ದರೆ ಕೈಯ ಕೆಲಸ.

ವರ್ಷದ ಕೆಳಗೆ ಗುರುತೇ ಇಲ್ಲ ಅಂತ ಗಾಬರಿಯಾಗಿ ಬರುವವರೂ ಇದ್ದಾರೆ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ. ಕೋಲ್ಕತ್ತ ಟಂಕಸಾಲೆ ಗುರುತು ಹಾಕೋದೇ ಇಲ್ಲ. ಅಷ್ಟೇ ವಿಷಯ.

ಛಾಪಾ (ಸಿಂಹದ ಬದಿ) ನೇರ ಇದೆ, ಕಾಟಾ (ಬೆಲೆಯ ಬದಿ) ತಲೆಕೆಳಗಾಗಿದೆ

ಪುಸ್ತಕದ ಹಾಳೆ ತಿರುವಿದ ಹಾಗೆ ತಿರುವಿ ನೋಡಿ. ನಿಮ್ಮ ನಾಲ್ಕು ನಾಣ್ಯ ನೇರ ನಿಂತು ಇದೊಂದು ಓರೆಯಾದರೆ ಅಚ್ಚು ತಿರುಗಿ ಕೂತಿತ್ತು ಅಂತ ಅರ್ಥ. ಹೊರಗೆ ಇದನ್ನು ಮಾಡಬೇಕಾದರೆ ಎರಡು ನಾಣ್ಯ ಕೊಯ್ದು ಅಂಟಿಸಬೇಕು. ಹಾಗೆ ಅಂಟಿಸಿದ್ದರ ಗುರುತು ಕೆಳಗಿದೆ.

ಎರಡೂ ಬದಿ ಒಂದೇ ಚಿತ್ರ

ಮೊದಲು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ. ಪಕ್ಕದ ಒಳ್ಳೆಯ ನಾಣ್ಯ ಠಣ್ ಅಂದು ಇದು ಥಪ್ ಅಂದರೆ ಕೂಡಿಸಿದ್ದು. ಜಾದೂಗಾರರ ನಾಣ್ಯ ಹೀಗೇ ಇರುತ್ತದೆ: ಒಂದನ್ನು ಲೋಹ ತಿರುಗಿಸಿ ಕಡೆಯುವ ಲೇಥ್‌ನಲ್ಲಿ ಬಟ್ಟಲಿನ ಹಾಗೆ ಕೊರೆದು, ಇನ್ನೊಂದನ್ನು ಸಣ್ಣದಾಗಿ ಕಡೆದು ಒಳಗೆ ಕೂರಿಸುತ್ತಾರೆ. ಜೋಡಣೆಯ ಗೆರೆ ಹೊರ ಅಂಚಿನಲ್ಲಿ ಸಿಗೋದಿಲ್ಲ. ಎತ್ತಿದ ಅಂಚಿನ ಒಳಮಗ್ಗುಲಲ್ಲಿ, ಸುತ್ತಲೂ, ಕೂದಲಿನ ಹಾಗೆ ಸಿಗುತ್ತದೆ. ಸೂಜಿಯ ತುದಿ ಅಲ್ಲಿ ತಡೆಯುತ್ತದೆ. ಲೇಥ್ ಮೇಲೆ ಕೈ ಆಡಿಸಿದವರಿಗೆ ಇದು ಒಂದು ಗಂಟೆಯ ಕೆಲಸ.

ಬಣ್ಣ ಬೇರೆ ಇದೆ

ಸ್ಟೀಲಿನದು ತಾಮ್ರದ ಬಣ್ಣಕ್ಕೆ ಬಂದಿದೆ, ಹಿತ್ತಾಳೆಯದು ಕೆಂಪಾಗಿದೆ, ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಇವುಗಳಲ್ಲಿ ಹೆಚ್ಚಿನವು ಲೇಪನ, ಬೆಂಕಿ, ಆ್ಯಸಿಡ್ ಇಲ್ಲವೇ ಮಣ್ಣಿನ ಕೆಲಸ. ತೇವದ ಮಣ್ಣಲ್ಲಿ ಬಹಳ ದಿನ ಬಿದ್ದ ಹಿತ್ತಾಳೆ ನಾಣ್ಯದ ಸತುವು ಕರಗಿ ಮೇಲ್ಮೈ ತಾಮ್ರದ ಹಾಗೆ ಆಗುತ್ತದೆ.

ಲೇಪನ ಆದರೆ ಸವೆದ ಜಾಗದಲ್ಲಿ, ಅಂಚಿನ ಹಲ್ಲುಗಳ ಮೇಲೆ ಕೆಳಗಿನ ಬಣ್ಣ ಇಣುಕುತ್ತದೆ. ಮ್ಯಾಗ್ನೆಟ್ ಹಿಡಿಯಿರಿ: ತಾಮ್ರದ ಬಣ್ಣದ 1 ರೂಪಾಯಿ ಅಂಟಿಕೊಂಡರೆ ಒಳಗೆ ಸ್ಟೀಲೇ ಇದೆ. ಬೇರೆ ಬಿಲ್ಲೆಯ ಮೇಲೆ ಹೊಡೆದ ನಿಜವಾದ ತಪ್ಪಿನಲ್ಲಿ ತೂಕ, ಮ್ಯಾಗ್ನೆಟ್, ಬಣ್ಣ ಮೂರೂ ಒಂದೇ ಮಾತು ಹೇಳಬೇಕು. ಆ್ಯಸಿಡ್‌ನಲ್ಲಿ ಅದ್ದಿದ್ದು ತೆಳ್ಳಗಾಗಿ, ತೂಕ ಕಳೆದುಕೊಂಡು, ಸಣ್ಣ ಸಣ್ಣ ಗುಂಡಿ ಬಿದ್ದು, ಅಕ್ಷರಗಳೂ ಸೊರಗಿರುತ್ತವೆ. ಆ್ಯಸಿಡ್ ಹಾಕಿ ಪರೀಕ್ಷೆ ಮಾಡುವ ಸಾಹಸ ಮನೆಯಲ್ಲಿ ಬೇಡವೇ ಬೇಡ, ಆ ಹೊಗೆ ಎದೆಗೆ ಕೆಟ್ಟದ್ದು. ಪಾದರಸ ಹಚ್ಚಿ ಹೊಳಪು ಕೊಟ್ಟದ್ದು ಅಂತ ಅನುಮಾನ ಬಂದರೆ ಬರಿಗೈಲಿ ಮುಟ್ಟಬೇಡಿ, ಕಾಯಿಸಲೂ ಬೇಡಿ.

10 ರೂಪಾಯಿಯ ನಡುಭಾಗ ಇಲ್ಲ, ಅಥವಾ ಸರಿದಿದೆ

ಬರೀ ಉಂಗುರ ತಂದು ತೋರಿಸುವವರು ಬಹಳ. ಉಂಗುರದ ಒಳ ಅಂಚು ನೋಡಿ. ನಡುಭಾಗ ಇಲ್ಲದೆಯೇ ಹೊಡೆತ ಬಿದ್ದಿದ್ದರೆ ತಡೆಯುವವರಿಲ್ಲದೆ ಲೋಹ ಒಳಕ್ಕೆ ಹರಿದಿರುತ್ತದೆ, ಒಳ ಅಂಚು ಗುಂಡಗೆ ಬಾಗಿ ತೂತು ಸ್ವಲ್ಪ ಚಿಕ್ಕದಾಗಿರುತ್ತದೆ. ಹೊಡೆದು ಬೀಳಿಸಿದ್ದರೆ ತೂತು ಸರಿಯಾದ ಅಳತೆಯಲ್ಲಿ, ಅಂಚು ಚೂಪಾಗಿ ಇರುತ್ತದೆ, ನಡುಭಾಗ ಕೂತಿದ್ದ ಗುರುತು, ತಳ್ಳಿದ ಗೀರು ಕಾಣುತ್ತವೆ. ನಡುಭಾಗ ಸರಿದಿದ್ದರೂ ಲೆಕ್ಕ ಅದೇ. ಚಿತ್ರ ಎರಡೂ ಲೋಹದ ಮೇಲೆ ಮುರಿಯದೆ ಸಾಗಿದ್ದರೆ ಹೊಡೆತಕ್ಕೆ ಮುಂಚೆಯೇ ಸರಿದಿತ್ತು. ಚಿತ್ರ ಕೂಡುಗೆರೆಯಲ್ಲಿ ತಪ್ಪಿದ್ದರೆ ಆಮೇಲೆ ತಿರುಗಿಸಿದ್ದು.

ಹತ್ತು ಗೀಟಿನದು ಖರೇ, ಹದಿನೈದು ಗೀಟಿನದು ಖೋಟಾ ಅನ್ನೋ ಮಾತು ನಮ್ಮ ಸಂತೆಗಳಲ್ಲಿ ಇನ್ನೂ ಸತ್ತಿಲ್ಲ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ಸ್ಪಷ್ಟ ಹೇಳಿದೆ. ಅಜ್ಜಿಯೊಬ್ಬರು ಕೊತ್ತಂಬರಿ ಮಾರಿ ಗಳಿಸಿದ ನಾಣ್ಯವನ್ನು ಬೇಡ ಅನ್ನುವಾಗ ಇದು ನೆನಪಿರಲಿ.

ತೂತು, ಕಚ್ಚು, ಬೆಸುಗೆ: ಮನೆಯ ಹಳೆಯ ನಾಣ್ಯಗಳಲ್ಲಿ

ನಡುವೆ ದುಂಡು ತೂತಿರುವ, ಕಂಚಿನ ಹಳೆ ಒಂದು ಪೈಸೆ ಸಿಕ್ಕರೆ ಅದು ದೋಷವಲ್ಲ. 1943ರಿಂದ 1947ರವರೆಗೆ ಅದನ್ನು ತೂತಿನ ಸಮೇತವೇ ಮಾಡುತ್ತಿದ್ದರು.

ಬಂದಾ ರೂಪಾಯಿಯ, ಅಂದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ, ಮೇಲ್ತುದಿಯಲ್ಲಿ ಸಣ್ಣ ತೂತೋ, ಬೇರೆ ಬಣ್ಣದ ಹನಿಯೋ ಇದ್ದರೆ ಅದು ಯಾರದೋ ಕೊರಳಲ್ಲಿ ಇದ್ದದ್ದು. ಕೊಂಡಿ ಕಿತ್ತು, ತೂತು ಮುಚ್ಚಿ ಮಾರುತ್ತಾರೆ. ಅಂಚಿನ ಹಲ್ಲುಗಳನ್ನು ಸುತ್ತಲೂ ತಿರುಗಿಸಿ ನೋಡಿದರೆ ಒಂದು ಕಡೆ ಎರಡು ಮೂರು ಹಲ್ಲು ಅಳಿಸಿರುತ್ತವೆ. ತೂಕ 11.66 ಗ್ರಾಂಗೆ ಹತ್ತಿರ ಇರಬೇಕು. ಮುಖದ ಮೇಲೆ ಸಣ್ಣ ಠಸ್ಸೆ, ಅಂಚಿನಲ್ಲಿ ಉಳಿಯ ಕಚ್ಚು ಇದ್ದರೆ ಹಳೆ ಕಾಲದ ಶರಾಫರು ಬೆಳ್ಳಿ ಖರೇ ಐತೋ ಅಂತ ನೋಡಿದ ಗುರುತು. ಲೆಕ್ಕದಲ್ಲಿ ಇದೂ ಹಾನಿಯೇ. ಆದರೂ ಅದನ್ನು ತಿಕ್ಕಿ ಅಳಿಸಬೇಡಿ. ಆ ನಾಣ್ಯ ಎಷ್ಟು ಕೈ ದಾಟಿ ಬಂತು ಅನ್ನೋದಕ್ಕೆ ಅದೊಂದೇ ಸಾಕ್ಷಿ.

ಬಿಜಾಪುರದ ಹಳೆ ನಾಣ್ಯ: ಇಲ್ಲಿ ನಿಯಮವೇ ಬೇರೆ

ಮೇಲೆ ಹೇಳಿದ್ದೆಲ್ಲ ಮಷಿನ್ ನಾಣ್ಯಕ್ಕೆ. ವಿಜಯಪುರ, ಬಾಗಲಕೋಟೆ ಕಡೆಯ ಹಳೆ ಮನೆಗಳಲ್ಲಿ ಆದಿಲ್‌ಶಾಹಿ ಕಾಲದ ತಾಮ್ರದ ದುಡ್ಡು ಸಿಗುತ್ತವೆ. ಬೆಳಗಾವಿ ಕಡೆ ಮರಾಠರ ಕಾಲದ ಶಿವರಾಯಿ. ಒಂದು ಬದಿ "ಶ್ರೀ ರಾಜಾ ಶಿವ", ಇನ್ನೊಂದು ಬದಿ "ಛತ್ರಪತಿ" ಅಂತ ದೇವನಾಗರಿಯಲ್ಲಿ ಇರಬೇಕು. ನೋಡಿದರೆ ಅರ್ಧ ಅಕ್ಷರವೂ ಇರೋದಿಲ್ಲ, ಅಂಚು ಸೊಟ್ಟ, ದಪ್ಪ ಒಂದೊಂದು ಕಡೆ ಒಂದೊಂದು. ಇವನ್ನು ತಪ್ಪು ಮುದ್ರಣ ಅಂತ ಮಾರುವವರನ್ನು ನಂಬಬೇಡಿ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಹೊಡೆಯುತ್ತಿದ್ದದ್ದು ಸುತ್ತಿಗೆಯಿಂದ. ಪೂರ್ತಿ ಅಕ್ಷರ ಬಂದದ್ದೇ ಅಪರೂಪ, ಬೆಲೆ ಇರುವುದೂ ಅದಕ್ಕೇ.

ಒಮ್ಮೆ ವಿಜಯಪುರದ ಗೆಳೆಯರೊಬ್ಬರು ಡಬ್ಬಿಯಿಂದ ಬೆಳ್ಳಿಯ ತಂತಿಯೊಂದನ್ನು ತೆಗೆದು ಅಂಗೈಯಲ್ಲಿಟ್ಟರು. ಬೆರಳುದ್ದ, ಕೂದಲ ಪಿನ್ನಿನ ಹಾಗೆ ಮಡಚಿದ್ದು. "ಯಾವುದೋ ದಾಗೀನ ಮುರದದ್ದು ಇರಬೇಕ್ರೀ" ಅಂದರು. ಭೂತಗನ್ನಡಿ ಹಿಡಿದಾಗ ಚಪ್ಪಟೆ ಮಾಡಿದ ಜಾಗದಲ್ಲಿ ಅರಬಿ ಲಿಪಿಯ ತುಣುಕುಗಳು ಕಂಡವು. ಅದು ಲಾರಿ. ಎರಡನೇ ಅಲಿ ಆದಿಲ್‌ಶಾಹ, ಅಂದರೆ 1656ರಿಂದ 1672ರವರೆಗೆ ಆಳಿದವನು, ಸಮುದ್ರದ ವ್ಯಾಪಾರಕ್ಕೆ ಹೊಡೆಸಿದ ನಾಣ್ಯ. ಅದರ ಆಕಾರವೇ ಹಾಗೆ. ಮುರಿದ ಬೆಳ್ಳಿ ಅಂತ ಪತ್ತಾರರಲ್ಲಿ ಕರಗಿಸಿದ್ದರೆ ಮುನ್ನೂರು ವರ್ಷಕ್ಕೂ ಹಳೆಯದೊಂದು ವಸ್ತು ಆವತ್ತೇ ಹೋಗಿಬಿಡುತ್ತಿತ್ತು. ಈಗ ಅವರ ಮನೆಯಲ್ಲಿ ಹತ್ತಿಯ ಮೇಲೆ ಇಟ್ಟಿದ್ದಾರೆ.

ಹೊಲ ಉಳುವಾಗ, ಹಳೆ ಗೋಡೆ ಕೆಡವುವಾಗ ನಾಣ್ಯದ ಗಂಟು ಸಿಕ್ಕರೆ ಅದು ತಪ್ಪು ಹುಡುಕುವ ಹೊತ್ತಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಿಕ್ಕ ಜಾಗ ಕದಲಿಸಬೇಡಿ.

ಎಲ್ಲಿ ನಿಲ್ಲಿಸಬೇಕು

ಹೋಲಿಕೆ, ಮ್ಯಾಗ್ನೆಟ್, ತೂಕ, ಭೂತಗನ್ನಡಿ ಇಷ್ಟೂ ಟಂಕಸಾಲೆಯ ಕಡೆಗೇ ಬೆರಳು ತೋರಿಸಿದರೆ ಮುಂದಿನದು ನಿಮ್ಮ ಕೈಯಿಂದ ಆಗುವ ಕೆಲಸವಲ್ಲ. ತೊಳೆಯಬೇಡಿ, ಹುಣಸೆಹಣ್ಣು ಹಚ್ಚಬೇಡಿ, ಬ್ರಷ್ ಆಡಿಸಬೇಡಿ. ಹೊಳಪು ಬರಿಸುವಾಗ ಹೋಗುವುದು ಆ ಹರಿದ ಲೋಹದ ಕುರುಹುಗಳೇ. ಅಂಚು ಹಿಡಿದು ಎತ್ತಿ, ಮೆತ್ತನೆಯ ಕಾಗದದಲ್ಲಿ ಸುತ್ತಿ. ಹಸಿರು ಕಿಲುಬು ಇದ್ದರೆ ಮುಟ್ಟಿದ ಮೇಲೆ ಕೈ ತೊಳೆಯಿರಿ.

ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಫೀ ಕಟ್ಟಿ ಅಂತ ಫೋನ್ ಬಂದರೆ ಅಲ್ಲೇ ಇಡಿ. 2012ರ ವೈಷ್ಣೋದೇವಿ ನಾಣ್ಯದ ಹೆಸರಲ್ಲಿ ಇಂಥ ಮಾತು ಬಹಳ ಓಡಾಡಿದೆ. ಹಳೆ ನಾಣ್ಯ-ನೋಟುಗಳ ಮಾರಾಟದಲ್ಲಿ ತಾನು ಇಲ್ಲ, ಯಾರಿಂದಲೂ ಕಮಿಷನ್ ಕೇಳೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸುಮ್ನೆ ಪ್ರಯೋಗ ಮಾಡಿ ನೋಡೋಣ ಅಂತ ನಾಣ್ಯ ಕೊಯ್ಯೋದು, ಉಜ್ಜೋದು, ಕರಗಿಸೋದು ಬೇಡ. 2011ರ ನಾಣ್ಯ ಕಾಯ್ದೆಯಲ್ಲಿ ನಾಣ್ಯ ಕರಗಿಸುವುದು, ಹಾಳುಮಾಡುವುದು ಅಪರಾಧ, 7 ವರ್ಷದವರೆಗೆ ಜೈಲು ಇದೆ.

ತಿಳಿದವರ ಹತ್ತಿರ ಒಯ್ಯುವಾಗ ಒಂದು ಚೀಟಿ ಬರೆದು ಜೊತೆಗಿಡಿ: ಬೆಲೆ, ವರ್ಷ, ವರ್ಷದ ಕೆಳಗಿನ ಗುರುತು, ತೂಕ, ಅಡ್ಡಳತೆ, ಮ್ಯಾಗ್ನೆಟ್‌ಗೆ ಅಂಟಿತೋ ಇಲ್ಲವೋ, ಯಾವತ್ತು ಎಲ್ಲಿ ಸಿಕ್ಕಿತು. ಆ ಹುಡುಗ ಈಗ ಹಾಗೇ ಮಾಡುತ್ತಾನೆ. ಹೋದ ತಿಂಗಳು ಚಹಾದಂಗಡಿಯ ಚಿಲ್ಲರೆಯಲ್ಲಿ ಸಿಕ್ಕ 2 ರೂಪಾಯಿಯೊಂದನ್ನು ತಂದಿದ್ದ. ಅಂಚಿನಲ್ಲಿ ಸಣ್ಣ ಕಚ್ಚು, ಪಕ್ಕದ ಅಕ್ಷರ ಆ ಕಡೆಗೆ ಎಳೆದ ಹಾಗಿತ್ತು, ಎದುರಿನ ಅಂಚು ಸಪ್ಪಗಿತ್ತು. ಚೀಟಿಯ ಕೊನೆಯಲ್ಲಿ ಅವನೇ ಬರೆದಿದ್ದ: "ಹೊಡೆತಕ್ಕೆ ಮುಂಚೆ."